ಬಾಯಿ ತೆರೆದ ವೆಂಟ್ ಪೈಪಿಗೆ ಡಿಸೈನ್ ಪ್ರೆಶರ್ ಎಷ್ಟು ಹಿಡಿಯಬೇಕು?

ಪ್ರಶ್ನೆ

ಫ್ಯಾಕ್ಟರಿಯ ಸ್ಟೀಮ್ ಹೆಡರ್ (ಹಲವು ಲೈನ್‌ಗಳಿಗೆ ಸ್ಟೀಮ್ ಹಂಚುವ ಮುಖ್ಯ ಪೈಪ್) ಮೇಲೆ 10 ಬಾರ್‌ಗೆ ತೆರೆಯುವಂತೆ ಸೆಟ್ ಮಾಡಿದ ಸಾಧಾರಣ ಸ್ಪ್ರಿಂಗ್ ಸೇಫ್ಟಿ ವಾಲ್ವ್ ಇದೆ. ರೇಟೆಡ್ ಕೆಪಾಸಿಟಿ ಗಂಟೆಗೆ 10,000 ಕೆಜಿ ಸ್ಯಾಚುರೇಟೆಡ್ ಸ್ಟೀಮ್. ಅಲ್ಲಿಂದ 4 ಇಂಚಿನ ಷೆಡ್ಯೂಲ್ 40 (ಗೋಡೆ ದಪ್ಪದ ದರ್ಜೆ) ಪೈಪ್ 12 ಮೀಟರ್ ಹೋಗಿ, ಎರಡು ಎಲ್ಬೋ (ಬಾಗು) ದಾಟಿ ಚಾವಣಿ ಮೇಲೆ ಗಾಳಿಗೆ ತೆರೆಯುತ್ತದೆ. ಪ್ರಾಜೆಕ್ಟ್ ಕೋಡ್ ಎಎಸ್‌ಎಂಇ ಬಿ31.3 (ಫ್ಯಾಕ್ಟರಿ ಪೈಪಿಂಗ್‌ಗೆ ಅಮೆರಿಕದ ಕೋಡ್). ತುದಿ ತೆರೆದಿದೆ, ಪ್ರೆಶರ್ ಸೊನ್ನೆ, ಹಾಗಾಗಿ ಈ ಲೈನ್ ಕೋಡಿನ ಹೊರಗೆ ಅನ್ನುವುದು ಕಂಟ್ರಾಕ್ಟರ್ ವಾದ. ಇದು ಸರಿಯೇ? ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ಸೋರಿಕೆ ನೋಡುವುದು) ಬೇಕೇ?

ಉತ್ತರ 1

ಬಿ31.3 ಒಂದು ಲೈನನ್ನು ಹೊರಗಿಡುವುದು ತುದಿ ತೆರೆದಿದೆ ಎಂಬ ಕಾರಣಕ್ಕಲ್ಲ. ಡಿಸೈನ್ ಪ್ರೆಶರ್ (ಪೈಪ್ ತಾಳಬೇಕೆಂದು ಲೆಕ್ಕಕ್ಕೆ ಹಿಡಿಯುವ ಒತ್ತಡ) 105 ಕೆಪಿಎ ಗೇಜ್‌ಗಿಂತ, ಅಂದರೆ ಹೊರಗಿನ ಗಾಳಿಯ ಒತ್ತಡದ ಮೇಲೆ 1.05 ಬಾರ್‌ಗಿಂತ, ಕಡಿಮೆ ಇರಬೇಕು, ಉಷ್ಣತೆ -29ರಿಂದ 186 ಡಿಗ್ರಿ ಒಳಗಿರಬೇಕು, ಒಳಗಿನದು ಹೊತ್ತಿಕೊಳ್ಳುವ, ವಿಷದ, ಮೈ ಸುಡುವ ವಸ್ತು ಆಗಿರಬಾರದು. ಈ ಷರತ್ತುಗಳೆಲ್ಲ ಒಟ್ಟಿಗೆ ಕೂಡಿಬರಬೇಕು. ಟೆಸ್ಟ್ ವಿಷಯ ಬೇರೆ: ಗಾಳಿಗೆ ತೆರೆದ ಲೈನಿಗೆ, ಇಂಜಿನಿಯರಿಂಗ್ ಡಿಸೈನ್‌ನಲ್ಲಿ ಕೇಳದಿದ್ದರೆ, ಲೀಕ್ ಟೆಸ್ಟ್ ಬೇಡ ಅಂತ ಕೋಡೇ ಹೇಳುತ್ತದೆ. ಟೆಸ್ಟ್ ಬೇಡ ಅಂದ ಮಾತ್ರಕ್ಕೆ ಡಿಸೈನ್ ಬೇಡ ಅಂತಲ್ಲ. ವೆಲ್ಡ್ ತಪಾಸಣೆ, ಸಪೋರ್ಟ್, ಫ್ಲೆಕ್ಸಿಬಿಲಿಟಿ (ಬಿಸಿಗೆ ಪೈಪ್ ಹಿಗ್ಗುವುದರ ಲೆಕ್ಕ) ಎಲ್ಲ ಮಾಡಲೇಬೇಕು.

ಉತ್ತರ 2

ಸೊನ್ನೆ ಅನ್ನುವುದೇ ತಪ್ಪು, ಲೆಕ್ಕ ಹಾಕಿ ನೋಡಿ. ಇಷ್ಟು ಸ್ಟೀಮ್ 4 ಇಂಚಿನಲ್ಲಿ ಹೋದರೆ ಪೈಪಿನ ಬಾಯಲ್ಲೇ ಶಬ್ದದ ವೇಗ ಮುಟ್ಟುತ್ತದೆ, ಸುಮಾರು ಸೆಕೆಂಡಿಗೆ 490 ಮೀಟರ್. ಬಾಯಲ್ಲಿ 0.27 ಬಾರ್ ಗೇಜ್ ಉಳಿದಿರುತ್ತದೆ. ಅದರ ಮೇಲೆ 12 ಮೀಟರ್ ಮತ್ತು ಎಲ್ಬೋಗಳ ಘರ್ಷಣೆ ಸೇರಿಸಿದರೆ ವಾಲ್ವ್ ಬಾಯಲ್ಲಿ ಸುಮಾರು 2.4 ಬಾರ್. 105 ಕೆಪಿಎ ಮಿತಿ ಅಲ್ಲಿಗೇ ದಾಟಿತು.

ಪೈಪಿನ ದಪ್ಪಕ್ಕೆ ಇದೇನೂ ಭಾರವಲ್ಲ. ಕಷ್ಟ ಬರುವುದು ವಾಲ್ವಿಗೆ. ಸಾಧಾರಣ ವಾಲ್ವಿಗೆ ಬಿಲ್ಟ್-ಅಪ್ ಬ್ಯಾಕ್ ಪ್ರೆಶರ್ (ಸ್ಟೀಮ್ ಹರಿಯುವಾಗ ವಾಲ್ವಿನ ಹೊರಬಾಯಲ್ಲಿ ಏಳುವ ಒತ್ತಡ) ಸೆಟ್ ಪ್ರೆಶರಿನ 10%, ಅಂದರೆ ಇಲ್ಲಿ 1 ಬಾರ್ ಮೀರಬಾರದು. ಮೀರಿದರೆ ವಾಲ್ವಿನ ಡಿಸ್ಕ್ (ಒಳಗಿನ ಮುಚ್ಚಳ) ಪಟಪಟ ಬಡಿಯುತ್ತದೆ, ಕೆಪಾಸಿಟಿ ಕುಸಿಯುತ್ತದೆ, ಡಿಸ್ಕ್ ಕೂರುವ ಸೀಟ್ ಹಾಳಾಗುತ್ತದೆ. ಅದೇ ಲೈನ್ 6 ಇಂಚು ಮಾಡಿದರೆ ಸುಮಾರು 0.45 ಬಾರ್‌ಗೆ ಇಳಿಯುತ್ತದೆ. ನನ್ನ ಸಲಹೆ 6 ಇಂಚು.

4 ಇಂಚಿನ ಬಾಯಿ ಹಿಂದಕ್ಕೆ ತಳ್ಳುವ ಬಲವೂ ಕಡಿಮೆಯಿಲ್ಲ, ಸುಮಾರು 1,600 ನ್ಯೂಟನ್. ವಾಲ್ವ್ ಥಟ್ಟನೆ ತೆರೆಯುವುದರಿಂದ ಸಪೋರ್ಟಿಗೆ ಅದರ ಎರಡರಷ್ಟು ಹಿಡಿಯಿರಿ.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್. 6 ಇಂಚಿನ ಪೈಪಿನ ಭಾರ ವಾಲ್ವ್ ಮೇಲೆ ಬೀಳುವುದಿಲ್ಲವೇ?

ಉತ್ತರ 2

ಬೀಳಲು ಬಿಡಬಾರದು. 30ರಿಂದ 150 ಡಿಗ್ರಿಗೆ ಏರಿದರೆ 12 ಮೀಟರ್ ಕಾರ್ಬನ್ ಸ್ಟೀಲ್ ಸುಮಾರು 17 ಮಿಮೀ ಬೆಳೆಯುತ್ತದೆ, ಅದೂ ವಾಲ್ವನ್ನು ಎಳೆಯುತ್ತದೆ. ವಾಲ್ವ್ ಬಾಯಿಗೆ ಡ್ರಿಪ್ ಪ್ಯಾನ್ ಎಲ್ಬೋ (ಸುತ್ತ ನೀರು ಹಿಡಿಯುವ ತಟ್ಟೆ ಇರುವ ಬಾಗು) ಕೂರಿಸಿ, ವೆಂಟ್ ಪೈಪ್ ಅದಕ್ಕೆ ತಾಗದಂತೆ ಮೇಲಿಂದ ಬೇರೆ ಸಪೋರ್ಟಿನಲ್ಲಿ ನಿಲ್ಲಿಸಿ. ಇವೆರಡರ ನಡುವಿನ ಸಂದಿಯಿಂದ ಸ್ಟೀಮ್ ಹಿಂದಕ್ಕೆ ನುಗ್ಗದಷ್ಟು ವೆಂಟ್ ಪೈಪ್ ಅಗಲ ಇದೆಯೇ ಅಂತ ಬೇರೆಯಾಗಿ ಲೆಕ್ಕ ಹಾಕಿ. ಪ್ಯಾನಿನ ಡ್ರೈನನ್ನೂ ಎಲ್ಬೋ ತಗ್ಗಿನ ಡ್ರೈನನ್ನೂ ಜನ ಓಡಾಡದ ಕಡೆಗೆ ಒಯ್ಯಿರಿ, ಅವಕ್ಕೆ ವಾಲ್ವ್ ಹಾಕಬೇಡಿ. ಡ್ರೈನ್ ಮುಚ್ಚಿಹೋದರೆ ಮಳೆನೀರು ನಿಂತು, ವಾಲ್ವ್ ತೆರೆದ ಕ್ಷಣ ಆ ನೀರು ಗುಂಡಿನಂತೆ ಮೇಲಿನ ಎಲ್ಬೋಗೆ ಬಡಿಯುತ್ತದೆ.