ಸಹಾಯ ಬೇಕು: ಹೊಸ ಪ್ಲಾಸ್ಟರ್ ಆದ ಈಜುಕೊಳದಲ್ಲಿ ಪಿಎಚ್ ಏರುತ್ತಲೇ ಇದೆ

ಎಲ್ಲರಿಗೂ ನಮಸ್ಕಾರ. ಈಜುಕೊಳಕ್ಕೆ ಹೊಸದಾಗಿ ಪ್ಲಾಸ್ಟರ್ ಮಾಡಿಸಿ, ಮಧ್ಯೆ ಎಲ್ಲೂ ನಿಲ್ಲಿಸದೆ ನೀರು ತುಂಬಿಸಿದ್ದೇವೆ. ಬೆಳಿಗ್ಗೆ, ಸಂಜೆ ನೈಲಾನ್ ಬ್ರಷ್‌ನಿಂದ ಗೋಡೆ, ತಳ ಎರಡನ್ನೂ ಉಜ್ಜುತ್ತಿದ್ದೇನೆ. ಬಿಳಿ ಪುಡಿ ಇನ್ನೂ ಏಳುತ್ತಿದೆ.

ನಿಜವಾದ ಚಿಂತೆ ನೀರಿನ ಆಮ್ಲ-ಕ್ಷಾರ ಮಟ್ಟದ್ದು, ಅಂದರೆ ಪಿಎಚ್‌ನದು. ಹೊಸ ಪ್ಲಾಸ್ಟರ್‌ನಿಂದ ಸುಣ್ಣದ ಅಂಶ ನೀರಿಗೆ ಬಿಡುವುದರಿಂದ ಅದು ಏರುವುದು ಸಹಜ, ಗೊತ್ತು. ಆದರೆ ಆಸಿಡ್ ಹಾಕಿ 7.4ಕ್ಕೆ ತಂದರೆ ಮಾರನೇ ದಿನ ಮತ್ತೆ 8 ದಾಟಿರುತ್ತದೆ. ಒಮ್ಮೆಲೇ ಜಾಸ್ತಿ ಹಾಕಿದರೆ ಎಳೆ ಪ್ಲಾಸ್ಟರ್ ತಿಂದುಹೋಗುತ್ತದೆ ಅಲ್ವಾ? ದಿನಾ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಹೋಗಲೇ? ನೀವು ಹೇಗೆ ಮಾಡಿದಿರಿ?

ಕೊಳದಲ್ಲೇ ಕ್ಲೋರಿನ್ ತಯಾರಾಗಲೆಂದು ನೀರಿಗೆ ಬೆರೆಸುವ ಉಪ್ಪನ್ನು ಮೊದಲ 28 ದಿನ ಹಾಕುವುದಿಲ್ಲ, ಅದರಲ್ಲಿ ಗೊಂದಲವಿಲ್ಲ. ಹೀಟರ್ ಹಾಕೋಣ ಅಂತ ಮಕ್ಕಳ ಒತ್ತಾಯ. ಪುಡಿ ಪೂರ್ತಿ ನಿಲ್ಲುವವರೆಗೆ ಬೇಡ ಅನ್ನುವುದು ನನ್ನ ನಿಲುವು. ಅನುಭವ ಇರುವವರು ದಯವಿಟ್ಟು ತಿಳಿಸಿ.