ಸಹಾಯ ಬೇಕು: ಗಾಲ್ಫ್ ಮೈದಾನದ ಹಳೇ ಮರದ ಸೇತುವೆ ಬದಲಿಸಬೇಕು

ಪುಣೆ ಕನ್ನಡಿಗರಿಗೆ ನಮಸ್ಕಾರ. ಇಲ್ಲಿನ ಒಂದು ಗಾಲ್ಫ್ ಮೈದಾನದ ಮೇಂಟೆನೆನ್ಸ್ ನನ್ನದು. ಹಳ್ಳ ದಾಟೋಕೆ ಸುಮಾರು 30 ಅಡಿ ಉದ್ದದ ಮರದ ಸೇತುವೆ ಇದೆ, ತುಂಬಾ ಹಳೆಯದು. ಮೇಲಿನ ಹಲಗೆಗಳು ಪರವಾಗಿಲ್ಲ, ಆದರೆ ತೊಲೆಯ ತುದಿ ಕಲ್ಲುಗೋಡೆ ಮೇಲೆ ಕೂರುವ ಕಡೆ ಮಣ್ಣು, ಎಲೆ ತುಂಬಿಕೊಂಡು ತೇವ ಆರೋದೇ ಇಲ್ಲ, ಅಲ್ಲಿ ಸ್ಕ್ರೂಡ್ರೈವರ್ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋಗುತ್ತದೆ. ಕಾರ್ಟ್ ಓಡಾಟ ನಿಲ್ಲಿಸಿದ್ದೇವೆ. ಆದರೂ ಕ್ಯಾಡಿಗಳು ಬ್ಯಾಗ್ ಹೊತ್ತು ಅದರ ಮೇಲೇ ನಡೆಯುತ್ತಾರೆ, ನನಗೆ ಅದೇ ಭಯ.

ಹ್ಯೂಮ್ ಪೈಪ್ (ದೊಡ್ಡ ಕಾಂಕ್ರೀಟ್ ಕೊಳವೆ) ಹಾಕಿ ಮಣ್ಣು ಮುಚ್ಚಿಬಿಡಿ ಅಂತ ಕೆಲವರು ಹೇಳುತ್ತಾರೆ. ಬೇಡ ಅನ್ನಿಸುತ್ತದೆ, ಮಳೆಗಾಲದಲ್ಲಿ ಕೊಂಬೆ, ಕಸ ಸಿಕ್ಕಿಕೊಂಡರೆ ನೀರೆಲ್ಲ ಮೈದಾನಕ್ಕೇ ನುಗ್ಗುತ್ತದೆ ಅಲ್ವಾ? ಗ್ಯಾಲ್ವನೈಸ್ ಮಾಡಿದ (ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಟ್ಟ) ಕಬ್ಬಿಣದ ತೊಲೆ ಹಾಕಿ, ಮೇಲೆ ಮರದ ಹಲಗೆ ಅಥವಾ ಫೈಬರ್ ಗ್ರೇಟಿಂಗ್ (ಜಾಲರಿಯಂಥ ಹಾಸು) ಹಾಕಿಸುವ ಯೋಚನೆ ಇದೆ. ಮರ ನೋಡೋಕೆ ಚೆಂದ, ಆದರೆ ಪಾಚಿ ಕಟ್ಟಿದರೆ ಜಾರುತ್ತದೆ.

ಇಂಥ ಕೆಲಸ ಮಾಡಿದ ಸ್ಟ್ರಕ್ಚರಲ್ ಇಂಜಿನಿಯರ್, ಫ್ಯಾಬ್ರಿಕೇಟರ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹುಲ್ಲು ಕತ್ತರಿಸುವ ದೊಡ್ಡ ಮಷೀನೂ ಹೊಸ ಸೇತುವೆ ಮೇಲೆ ಹೋಗಬೇಕು, ಲೆಕ್ಕ ಅದರ ತೂಕಕ್ಕೇ ಆಗಬೇಕು. ಜೂನ್ ಮಳೆಗೆ ಮುಂಚೆ ಮುಗಿಸಲೇಬೇಕು.