ಅಪ್‌ಡೇಟ್: ಸ್ವಿಚ್ ಕೊನೆಗೂ ಒಳಗೆ ಬಿಟ್ಟಿತು

ರಾಯಚೂರಿನ ನಮ್ಮ ಅಕ್ಕಿ ಗಿರಣಿಯ ನೆಟ್‌ವರ್ಕ್ ಸ್ವಿಚ್‌ಗೆ (ಕಂಪ್ಯೂಟರ್‌ಗಳನ್ನು ಜೋಡಿಸುವ ಪೆಟ್ಟಿಗೆ) ರೇಡಿಯಸ್ ಸರ್ವರ್ (ಯಾರನ್ನು ಒಳಗೆ ಬಿಡಬೇಕೆಂದು ಪರಿಶೀಲಿಸುವ ಸರ್ವರ್) ಮೂಲಕ ಲಾಗಿನ್ ಆಗುತ್ತಿಲ್ಲ ಎಂದು ಇಲ್ಲಿ ಕೇಳಿದ್ದೆ. ಬಗೆಹರಿಯಿತು. ಎರಡು ದಿನ ಪಾಸ್‌ವರ್ಡನ್ನೇ ಅನುಮಾನಿಸಿದ್ದು ದಂಡ. ರೇಡಿಯಸ್‌ನ ಹಳೆಯ ಪೋರ್ಟ್ (ಸಂಪರ್ಕದ ಸಂಖ್ಯೆ) 1645 ಬಿಟ್ಟು ಈಗಿನ 1812 ಹಾಕಿ ಎಂದಿರಿ. ಅದನ್ನು ಮೊದಲೇ ಹಾಕಿದ್ದೆ.

ಆ ಸರ್ವರ್‌ನ ತಂತ್ರಾಂಶ ಫ್ರೀರೇಡಿಯಸ್ಸನ್ನು ಡೀಬಗ್‌ನಲ್ಲಿ (ಪ್ರತಿ ಹೆಜ್ಜೆಯನ್ನೂ ತೋರಿಸುವಂತೆ) ಓಡಿಸಿದಾಗ ಕಳ್ಳ ಸಿಕ್ಕಿಬಿದ್ದ. ‘ಗೊತ್ತಿಲ್ಲದ ಕ್ಲೈಂಟ್’ ಎಂದು ಸರ್ವರ್ ಪ್ರತಿ ಕೋರಿಕೆಯನ್ನೂ ಕಡೆಗಣಿಸುತ್ತಿತ್ತು. ಸರ್ವರ್‌ನ ಕ್ಲೈಂಟ್ ಪಟ್ಟಿಯಲ್ಲಿ ನಾನು ಬರೆದಿಟ್ಟದ್ದು ಸ್ವಿಚ್‌ನ ಮ್ಯಾನೇಜ್‌ಮೆಂಟ್ (ನಿರ್ವಹಣೆಯ) ಐಪಿ ವಿಳಾಸ. ಪುಣ್ಯಾತ್ಮ ಸ್ವಿಚ್ ಕೋರಿಕೆ ಕಳಿಸುತ್ತಿದ್ದದ್ದು ವೇಬ್ರಿಡ್ಜ್ (ಲಾರಿ ತೂಗುವ) ಕೊಠಡಿಯ ವಿಲ್ಯಾನ್ (ಸ್ವಿಚ್‌ನೊಳಗಿನ ಪ್ರತ್ಯೇಕ ಜಾಲ) ವಿಳಾಸದಿಂದ! ಸೋರ್ಸ್ ಇಂಟರ್‌ಫೇಸ್ (ಕೋರಿಕೆ ಯಾವ ವಿಳಾಸದಿಂದ ಹೋಗಬೇಕೆಂಬುದು) ನಿಗದಿ ಮಾಡಿದ ಕೂಡಲೇ ಲಾಗಿನ್ ಆಯಿತು.

ಸರ್ವರ್‌ನ ಕೇಬಲ್ ಕಿತ್ತೂ ನೋಡಿದೆ. ಸ್ವಿಚ್‌ನಲ್ಲೇ ಇರುವ ಸ್ಥಳೀಯ ಖಾತೆ ಕೆಲಸ ಮಾಡುತ್ತದೆ, ಆದರೆ ಸರ್ವರ್ ಉತ್ತರಿಸದಿದ್ದಾಗ ಮಾತ್ರ. ಸರ್ವರ್ ‘ಇಲ್ಲ’ ಎಂದರೆ ಸ್ವಿಚ್ ಕೂಡ ‘ಇಲ್ಲ’ ಎನ್ನುತ್ತದೆ. ಆ ಸ್ಥಳೀಯ ಖಾತೆಯ ಪಾಸ್‌ವರ್ಡ್ ಈಗ ಮಾಲೀಕರ ಕಪಾಟಿನಲ್ಲಿದೆ.